ಕ್ಲಚ್ ಒತ್ತಿದರೆ ಕಿರ್ರ್!

ಬೈಲಹೊಂಗಲದಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆ ಹೊಡೆಯುವ ನಮ್ಮ ಗಾಡಿ, ಭರತ ಹುಣ್ಣಿಮೆಗೆ ಎಂಟೇ ದಿನ ಇರುವಾಗ ಕಿರ್ರೆನ್ನತೊಡಗಿತು. ಕಿತ್ತೂರಿನಲ್ಲಿ ತೋರಿಸಿದರೆ ‘ಗೇರ್‌ಬಾಕ್ಸ್ ಹೋಗೇತಿ’ ಅಂದರು. ರಾಮದುರ್ಗದಲ್ಲಿ ಆಯಿಲ್ ಬದಲಿಸಿದರು, ಸದ್ದು ಹೋಗಲಿಲ್ಲ. ಅಪ್ಪ ಸಾಲದ ಮಾತೆತ್ತಿದರು.

ನಮ್ಮೂರ ಮಿಸ್ತ್ರಿ ಕಾಕಾ ಪಾನಾ ಮುಟ್ಟಲೇ ಇಲ್ಲ. ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಡಿಸಿ, ‘ತಮ್ಮಾ, ಕ್ಲಚ್ ಒತ್ತು... ಈಗ ಬಿಡು’ ಅಂದರು. ಒತ್ತಿದರೆ ಕಿರ್ರ್, ಬಿಟ್ಟರೆ ಗಪ್‌ಚಿಪ್.

‘ಬಿಟ್ಟಾಗ ಸದ್ದು ಬಂದು, ಒತ್ತಿದಾಗ ನಿಂತಿದ್ರ ಗೇರ್‌ಬಾಕ್ಸಿನ ಬೇರಿಂಗ್ ಮ್ಯಾಲೆ ಸಂಶೆ ಪಡತಿದ್ದೆ. ಇದು ರಿಲೀಸ್ ಬೇರಿಂಗ್.’

ಪೆಡಲ್ ತುಳಿದಾಗ ಈ ಬೇರಿಂಗ್, ಗಿರಗಿರ ತಿರುಗುವ ಪ್ರೆಶರ್ ಪ್ಲೇಟನ್ನು ಒತ್ತಿ ಹಿಡಿಯುತ್ತದೆ. ಕಾಲು ಎತ್ತದಿದ್ದರೆ ಅದಕ್ಕೆ ಬಿಡುವೇ ಇಲ್ಲ. ಒಳಗಿನ ಗ್ರೀಸ್ ಒಣಗಿ ಸವೆಯುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು ನಿಜ, ಆದರೆ ಬಿಚ್ಚಬೇಕಿಲ್ಲ. ಖರ್ಚಿನ ವ್ಯತ್ಯಾಸ ಇರುವುದೇ ಅಲ್ಲಿ.

‘ಹಾಫ್ ಕ್ಲಚ್ ಮ್ಯಾಲೆ ಯಾರ್ ನಿಲ್ಲಸ್ತೀರಿ?’ ಕಾಕಾ ಕೇಳಿದರು. ಗುಡ್ಡದ ಏರಿನಲ್ಲಿ, ಜನಜಂಗುಳಿ ನಡುವೆ ಹ್ಯಾಂಡ್‌ಬ್ರೇಕ್ ಎಳೆಯಲು ಬೇಸರಪಡುತ್ತಿದ್ದವನು ನಾನೇ. ಒಪ್ಪಿಕೊಂಡೆ.

ಹುಣ್ಣಿಮೆಗೆ ಗಾಡಿ ಸದ್ದಿಲ್ಲದೆ ಗುಡ್ಡ ಹತ್ತಿತು. ಪಕ್ಕದಲ್ಲಿ ಕುಳಿತ ಅಪ್ಪ ಮಾತ್ರ ದಾರಿಯುದ್ದಕ್ಕೂ ನನ್ನ ಎಡಗಾಲನ್ನೇ ನೋಡುತ್ತಿದ್ದರು.