ಮೊಬೈಲ್: ಅಪಾಯ ಅಲೆಯಲ್ಲಲ್ಲ, ರಸ್ತೆಯಲ್ಲಿ

ಮೊಬೈಲ್ ಬಳಸಿದರೆ ಮೆದುಳಿನಲ್ಲಿ ಗೆಡ್ಡೆಯಾಗುತ್ತದೆಯೇ? ಚಿಮ್ಮನಚೋಡದ ಕಡೆ ಅನೇಕರಿಗೆ ಈ ಅಂಜಿಕೆ ಇದೆ. ಫೋನಿನ ರೇಡಿಯೋ ಅಲೆಗಳು ಎಕ್ಸ್‌ರೇ ಕಿರಣಗಳಷ್ಟು ಪ್ರಬಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2024ರ ಪರಿಶೀಲನೆಯಲ್ಲಿ ಮೆದುಳಿನ ಕ್ಯಾನ್ಸರಿಗೂ ಮೊಬೈಲಿಗೂ ನಂಟು ಕಂಡುಬಂದಿಲ್ಲ.

ನಿಜವಾದ ಅಪಾಯ ರಸ್ತೆಯಲ್ಲಿದೆ. ವಾಹನ ನಡೆಸುತ್ತ ಫೋನ್ ಬಳಸಿದರೆ ಅಪಘಾತದ ಸಂಭವ ಸುಮಾರು 4 ಪಟ್ಟು ಹೆಚ್ಚುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ಕೈ ಬಿಡುವಾದೀತು. ಗಮನ ಮಾತ್ರ ಮಾತಿನಲ್ಲೇ ಇರುತ್ತದೆ. ಸಿಮೆಂಟ್ ಲಾರಿಗಳು ಓಡಾಡುವ ಸೇಡಂ, ವಾಡಿ ರಸ್ತೆಗಳಲ್ಲಿ ಕ್ಷಣದ ಮೈಮರೆವೂ ಪ್ರಾಣಕ್ಕೆ ಕುತ್ತು.

ಕರೆ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತಾಡಿ. ದಾರಿಯಲ್ಲಿರುವವರಿಗೆ ಹೆಚ್ಚಾಗಿ ಕರೆ ಮಾಡುವವರು ಮನೆಯವರೇ. ‘ಎಲ್ಲಿದ್ದೀರಿ?’ ಎಂದು ಪದೇ ಪದೇ ಕೇಳಬೇಡಿ. ಗಾಡಿ ಓಡಿಸುತ್ತಿದ್ದಾರೆಂದು ತಿಳಿದ ಕೂಡಲೇ ಮಾತು ನಿಲ್ಲಿಸಿ. ಅವರು ಹತ್ತು ನಿಮಿಷ ತಡವಾಗಿ ಬಂದರೂ ಸರಿ, ಸುಖವಾಗಿ ಮನೆ ಸೇರಲಿ.