ಶರದೃತುವಿನ ಬೆಳ್ಳಿತೆರೆ

ಆಶ್ವೀಜದ ಬಿಸಿಲು ಮೂಡಿದೊಡನೆ ಕಾರವಾರ, ಅಂಕೋಲೆಗಳ ಜನಜೀವನಕ್ಕೆ ಹೊಸ ಕಳೆ ಬರುತ್ತದೆ. ಜೂನ್ ತಿಂಗಳಿಂದ ಸುರಿದ ಮಳೆ ಹಿಂದೆ ಸರಿಯುತ್ತದೆ. ಗದ್ದೆಗಳಲ್ಲಿ ಭತ್ತದ ತೆನೆ ಬಾಗುತ್ತದೆ. ಕಡಲಿನ ಅಬ್ಬರ ತಗ್ಗುತ್ತದೆ. ಮನೆಮಂದಿಯೆಲ್ಲ ಕೊಡೆಯ ಹಂಗಿಲ್ಲದೆ ಸಂಜೆ ಹೊರಗೆ ಹೊರಡಬಹುದಾದ ಕಾಲವಿದು. ನವರಾತ್ರಿಯಿಂದ ದೀಪಾವಳಿಯವರೆಗಿನ ಈ ದಿನಗಳಲ್ಲಿಯೇ ದೊಡ್ಡ ಚಿತ್ರಗಳು ತೆರೆಗೆ ಬರುವುದು ಆಕಸ್ಮಿಕವಲ್ಲ. ಶಾಲೆಗೆ ರಜೆ, ಪರವೂರಿನಿಂದ ಬಂದ ಮಕ್ಕಳು, ಕೈಯಲ್ಲಿ ಹಬ್ಬದ ನಾಲ್ಕು ಕಾಸು, ಇವೆಲ್ಲ ಒಂದುಗೂಡುವುದು ಈಗಲೇ ಎಂಬುದನ್ನು ನಿರ್ಮಾಪಕರು ಚೆನ್ನಾಗಿ ಬಲ್ಲರು.

ಇಲ್ಲಿಯ ಚಿತ್ರರಸಿಕರ ನಿರೀಕ್ಷೆ ಒಂದೇ ಭಾಷೆಗೆ ಮೀಸಲಾದುದಲ್ಲ. 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಕೂಡಿಕೊಂಡಿತು. ಆಡಳಿತ ಬದಲಾದರೂ ಮುಂಬಯಿಯ ನಂಟು ಹರಿಯಲಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಂಧುಗಳ ಪತ್ರದಲ್ಲಿ ಮರಾಠಿ ಎಂಬಂಥ ಕುಟುಂಬಕ್ಕೆ ದಸರೆಯ ಕನ್ನಡ ಚಿತ್ರವೂ ತನ್ನದೇ, ದೀಪಾವಳಿಯ ಹಿಂದಿ ಚಿತ್ರವೂ ತನ್ನದೇ. ಕಾರವಾರದಿಂದ ಸುಮಾರು ನೂರು ಕಿಲೋಮೀಟರು ದೂರದ ಪಣಜಿಯಲ್ಲಿ 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತ ಬಂದಿರುವುದರಿಂದ ಲೋಕದ ಚಿತ್ರಗಳೂ ಈ ಊರಿನ ನೆರೆಯವರೆಗೆ ಬಂದಂತಾಗಿದೆ.

ಈ ಜಿಲ್ಲೆ ಚಿತ್ರಗಳನ್ನು ನೋಡಿದ್ದಷ್ಟೇ ಅಲ್ಲ, ಚಿತ್ರರಂಗಕ್ಕೆ ಕೊಟ್ಟದ್ದೂ ಉಂಟು. ಹನೇಹಳ್ಳಿಯ ಯಶವಂತ ಚಿತ್ತಾಲರ ‘ಮೂರು ದಾರಿಗಳು’ ಕಾದಂಬರಿಯನ್ನು 1981ರಲ್ಲಿ ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಗೀತೆಗಳಿಂದ ಗೋಕರ್ಣದ ಜಯಂತ ಕಾಯ್ಕಿಣಿಯವರು ಮನೆಮಾತಾದರು.

ಕಳೆದ ಕೆಲವು ಶರತ್ಕಾಲಗಳು ಈ ನಂಟನ್ನು ಇನ್ನಷ್ಟು ಬಿಗಿಗೊಳಿಸಿವೆ. 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟರ ‘ಕಾಂತಾರ’ ತೆರೆಕಂಡಿತು. ಕುಂದಾಪುರ ಸೀಮೆಯ ಮಾತು, ದೈವದ ಆರಾಧನೆ, ಕಾಡಿನ ಹಕ್ಕಿನ ಜಗಳ ದೇಶವನ್ನೆಲ್ಲ ಸುತ್ತಿ ಬಂದವು. ಅದೇ ಅಕ್ಟೋಬರ್ 28ರಂದು, ಪುನೀತ್ ರಾಜಕುಮಾರರ ಮೊದಲ ಪುಣ್ಯತಿಥಿಯ ಹಿಂದಿನ ದಿನ, ‘ಗಂಧದ ಗುಡಿ’ ಬಂದಿತು. ಅಗಲಿದ ನಟನನ್ನು ನಾಡಿನ ಕಾಡು-ಕಡಲುಗಳ ನಡುವೆ ಮತ್ತೊಮ್ಮೆ ಕಂಡ ಪ್ರೇಕ್ಷಕರ ಕಣ್ಣು ಒದ್ದೆಯಾಯಿತು. 2025ರ ಅಕ್ಟೋಬರ್ 2ರ ವಿಜಯದಶಮಿಗೆ ‘ಕಾಂತಾರ’ದ ಪೂರ್ವಕಥೆ ಕದಂಬರ ಕಾಲವನ್ನು ತೆರೆಗೆ ತಂದಿತು. ಕದಂಬರ ರಾಜಧಾನಿಯಾದ ಬನವಾಸಿ ಇದೇ ಜಿಲ್ಲೆಯ ಶಿರಸಿ ತಾಲೂಕಿನಲ್ಲಿದೆ ಎಂಬುದನ್ನು ನೆನೆದರೆ ಇಲ್ಲಿಯವರ ಕುತೂಹಲ ಸಹಜವೇ.

ಆದರೆ ಕುತೂಹಲದ ಬೆನ್ನಿಗೆ ಲೆಕ್ಕಾಚಾರವೂ ಇದೆ. ಐದು ಜನರ ಸಂಸಾರ ಚಿತ್ರಕ್ಕೆ ಹೊರಟರೆ ಟಿಕೇಟು, ಬಸ್ಸು, ತಿಂಡಿಗಳ ವೆಚ್ಚ ತಿಂಗಳ ಆಯವ್ಯಯವನ್ನೇ ಅಲುಗಿಸೀತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ತೆರಿಗೆಯ ಹೊರತು 200 ರೂಪಾಯಿಗಳ ಮಿತಿಯನ್ನು ಟಿಕೇಟಿಗೆ ವಿಧಿಸಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ಮಧ್ಯಂತರ ತಡೆಯಾಜ್ಞೆ ನೀಡಿತು. ಇತ್ತ, ಕೆಲವೇ ವಾರ ಕಾದರೆ ಅನೇಕ ಚಿತ್ರಗಳು ಮನೆಯ ಪರದೆಗೇ ಬರುತ್ತವೆ. ಕಾಯುವವರು ಹೆಚ್ಚಿದಷ್ಟೂ ಚಿಕ್ಕ ಊರಿನ ಚಿತ್ರಮಂದಿರದ ಬೆಂಚುಗಳು ಬರಿದಾಗುತ್ತವೆ; ಬರಿದಾದ ಮಂದಿರಕ್ಕೆ ಹೊಸ ಚಿತ್ರ ಕಳುಹಿಸಲು ವಿತರಕರೂ ಹಿಂದುಮುಂದು ನೋಡುತ್ತಾರೆ.

ದೀಪಾವಳಿ ಕಳೆಯುತ್ತಲೇ ಯಕ್ಷಗಾನ ಮೇಳಗಳ ತಿರುಗಾಟವೂ ಆರಂಭವಾಗುತ್ತದೆ. ಇರುಳಿಡೀ ಆಟ ನೋಡಿ ಬೆಳೆದ ಜನ ಇವರು. ನೂರಾರು ಜನರ ನಡುವೆ ಕುಳಿತು ನಗುವ, ಅಳುವ ಸುಖವನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರುವ ಹಬ್ಬಗಳಲ್ಲಿ ಒಂದಾದರೂ ಒಳ್ಳೆಯ ಚಿತ್ರ, ಕೈಗೆಟಕುವ ದರದಲ್ಲಿ, ತಮ್ಮ ಊರಿನಲ್ಲಿಯೇ ದೊರೆತರೆ ಈ ಕಡಲತೀರದ ಕುಟುಂಬಗಳು ಮನೆಯ ಪರದೆಯನ್ನು ಆರಿಸಿ ಹೊರಡಲು ಹಿಂಜರಿಯಲಾರವು.