ಏಳು ಸಹಿಗಳೂ ಒಂದು ಮಂಡಲಿಯೂ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಸೇವಾಸಂಸ್ಥೆಗಳು ನಡೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವುಗಳ ಆಡಳಿತ ಮಂಡಲಿಗಳು ಹೇಗೆ ರಚಿತವಾಗುವುವೆಂಬುದನ್ನು ಸಾರ್ವಜನಿಕರು ವಿಚಾರಿಸುವುದು ವಿರಳ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯು ಕನಿಷ್ಠ ಏಳು ಮಂದಿಯನ್ನು ಕೇಳುತ್ತದೆ. ಏಳು ಸಹಿಗಳನ್ನು ಕೂಡಿಸುವುದೇನು ಕಷ್ಟ? ಗಂಡನು ಅಧ್ಯಕ್ಷ, ಹೆಂಡತಿಯು ಖಜಾಂಚಿ, ಭಾವಮೈದುನನು ಕಾರ್ಯದರ್ಶಿ! ಅಂಥಲ್ಲಿ ಜಮಾಖರ್ಚನ್ನು ಕೇಳುವವರು ಯಾರು? ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ನಡೆಯಬೇಕು, ಮಂಡಲಿಯ ಯಾದಿಯೂ ಲೆಕ್ಕಪತ್ರವೂ ನೋಂದಣಾಧಿಕಾರಿಗೆ ತಲುಪಬೇಕು. ಕಾಗದವು ತಲುಪಿದ ಮಾತ್ರಕ್ಕೆ ಸಭೆ ನಡೆದಂತಾಗದು.

ಇದೇ ಕಾಡಿನ ಸೀಮೆಗೆ ಅನ್ವಯಿಸುವ ಇನ್ನೊಂದು ಕಾನೂನನ್ನು ನೋಡಿರಿ. 2006ರ ಅರಣ್ಯಹಕ್ಕು ಕಾಯಿದೆಯ ನಿಯಮಗಳಂತೆ ಹಕ್ಕು ಸಮಿತಿಯ 10ರಿಂದ 15 ಸಭಾಸದರನ್ನು ಗ್ರಾಮಸಭೆಯೇ ಆರಿಸುತ್ತದೆ. ಸ್ತ್ರೀಯರಿಗೂ ಸ್ಥಾನಗಳು ಮೀಸಲು. ಸಭಾಸದನ ಸ್ವಂತ ಅರ್ಜಿಯು ಪರಿಶೀಲನೆಗೆ ಬಂದರೆ, ಅವನು ಅದನ್ನು ಸಮಿತಿಗೆ ತಿಳಿಸಿ ಆ ವಿಚಾರಣೆಯಲ್ಲಿ ಭಾಗವಹಿಸದೆ ದೂರವಿರಬೇಕು. ಸ್ವಯಂಸೇವಾ ಸಂಸ್ಥೆಗಳು ಈ ಒಂದು ನಿಯಮವನ್ನಾದರೂ ತಮ್ಮ ಉಪನಿಯಮಗಳಲ್ಲಿ ಬರೆದುಕೊಳ್ಳಬಾರದೇಕೆ?

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಹೆಸರಿನಲ್ಲಿಯೂ ಕುಣಬಿ, ಗೌಳಿಗರ ಹೆಸರಿನಲ್ಲಿಯೂ ಹಣವೆತ್ತುವ ಸಂಸ್ಥೆಯು ಅವರನ್ನು ಮಂಡಲಿಯಲ್ಲಿ ಕೂರಿಸುವುದು ನ್ಯಾಯ. ಕೂರಿಸಿದರೂ, ಮಳೆಗಾಲದಲ್ಲಿ ದಾಂಡೇಲಿಯಲ್ಲಿ ಸಭೆ ಕರೆದರೆ ಜೋಯಿಡಾದ ಒಳಹಳ್ಳಿಯ ಹೆಂಗಸು ಬರುವ ಬಗೆಯೆಂತು? ಸಭೆಯು ಅವಳ ಊರಿಗೇ ಹೋಗಲಿ. ಅಲ್ಲಿ ಠರಾವನ್ನು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಓದಿ ಹೇಳಿ, ಆಕ್ಷೇಪಣೆಯಿದ್ದರೆ ಬರೆದುಕೊಂಡು, ಅನಂತರವಷ್ಟೇ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಕೇಳತಕ್ಕದ್ದೆಂದು ನಮ್ಮ ಅಭಿಪ್ರಾಯ.